ವೆನಿಸ್, ಫ್ಲಾರೆನ್ಸ್, ರೋಮ್: ವಾರ ನೋಡಿ ಹೊರಡಿ

ಐದು ದಿನದಲ್ಲಿ ಇಟಲಿಯ ಮೂರು ಊರು ನೋಡಬಹುದಾ? ಖಂಡಿತ ನೋಡಬಹುದು, ವಾರ ಸರಿಯಾಗಿ ಕೂಡಿಬಂದರೆ. ಫ್ಲಾರೆನ್ಸ್‌ನ ಉಫಿಜಿ, ಅಕಾಡೆಮಿಯಾ ಎರಡೂ ಮ್ಯೂಸಿಯಂಗೆ ಸೋಮವಾರ ರಜ. ರೋಮ್‌ನಲ್ಲಿ ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತೆ. ತಿಂಗಳ ಕೊನೇ ಭಾನುವಾರ ಉಚಿತವಾಗಿ ತೆರೀತಾರೆ, ಆದರೆ ಆ ನೂಕುನುಗ್ಗಲಿಗೆ ಹೋಗಲೇಬೇಡಿ. ಬುಧವಾರ ಬೆಳಿಗ್ಗೆ ಪೋಪ್ ದರ್ಶನ ಇದ್ದರೆ ಸೇಂಟ್ ಪೀಟರ್ಸ್ ಚರ್ಚಿನೊಳಗೆ ಸಾಮಾನ್ಯವಾಗಿ ಬಿಡಲ್ಲ. ಅದಕ್ಕೇ ಭಾನುವಾರ ಸಂಜೆ ವೆನಿಸ್‌ಗೆ ಇಳಿದುಬಿಡಿ. ಮಂಗಳವಾರ ಬೆಳಿಗ್ಗೆ ಫ್ಲಾರೆನ್ಸ್, ಗುರುವಾರ ಬೆಳಿಗ್ಗೆ ರೋಮ್, ಶುಕ್ರವಾರ ರಾತ್ರಿ ವಿಮಾನ. ಯಾವ ರಜವೂ ಅಡ್ಡ ಬರಲ್ಲ.

ವೆನಿಸ್‌ನಲ್ಲಿ ವಿಮಾನ ನಿಲ್ದಾಣದ ಬಸ್ಸು ಊರಂಚಿನ ಪಿಯಾಜಾಲೆ ರೋಮಾ ಚೌಕದ ತನಕ ಮಾತ್ರ. ಅಲ್ಲಿಂದಾಚೆ ದೋಣಿ ಇಲ್ಲಾ ನಡಿಗೆ. ಈ ವಿಡಿಯೋದಲ್ಲಿ ನೋಡಿ, ಜನ ಸೂಟ್‌ಕೇಸ್ ಎತ್ತಿಕೊಂಡು ಸೇತುವೆ ಹೇಗೆ ಹತ್ತುತ್ತಿದ್ದಾರೆ! ಸೇತುವೆಗಳಿಗೆಲ್ಲ ಮೆಟ್ಟಿಲು, ಚಕ್ರ ಇದ್ದೂ ಪ್ರಯೋಜನ ಇಲ್ಲ. ರೂಮ್ ಬುಕ್ ಮಾಡೋ ಮುಂಚೆ ಹೋಟೆಲಿನವರಿಗೆ ಒಂದೇ ಪ್ರಶ್ನೆ ಕೇಳಿ: ಹತ್ತಿರದ ದೋಣಿ ಸ್ಟಾಪ್‌ನಿಂದ ಎಷ್ಟು ಸೇತುವೆ ದಾಟಬೇಕು?

ಬಾಡಿಗೆ ಕಡಿಮೆ ಅಂತ ತುಂಬಾ ಜನ ನೀರಿನಾಚೆಯ ಮೆಸ್ತ್ರೆಯಲ್ಲಿ ಉಳೀತಾರೆ. ಇಷ್ಟು ಅವಸರದ ಪ್ರವಾಸದಲ್ಲಿ ಅದು ಉಳಿತಾಯವೇ ಅಲ್ಲ. ಹಗಲಿಗಷ್ಟೇ ಬಂದುಹೋಗೋ ಜನ ಸಂಜೆ ಖಾಲಿಯಾಗ್ತಾರೆ, ಮತ್ತೆ ತುಂಬೋದು ಬೆಳಿಗ್ಗೆ ಹತ್ತರ ಹೊತ್ತಿಗೆ. ಬೆಳಿಗ್ಗೆ ಏಳಕ್ಕೆ ಸ್ಯಾನ್ ಮಾರ್ಕೊ ಚೌಕದಲ್ಲಿ ನಿಲ್ಲೋ ಭಾಗ್ಯ ದ್ವೀಪದಲ್ಲೇ ಮಲಗಿದವರಿಗೆ ಸುಲಭ.

ದೋಣಿ ಬಸ್ಸಿಗೆ ವಪೊರೆತ್ತೊ ಅಂತಾರೆ. 75 ನಿಮಿಷದ ಟಿಕೆಟ್ 9.50 ಯೂರೋ, 24 ಗಂಟೆಯದ್ದು 25 ಯೂರೋ. ಮೂರು ಸಲ ಹತ್ತೋದಿದ್ದರೆ ಎರಡನೆಯದೇ ಲಾಭ. ಹತ್ತೋ ಮುಂಚೆ ಕಟ್ಟೆ ಮೇಲಿನ ಯಂತ್ರಕ್ಕೆ ಟಿಕೆಟ್ ಮುಟ್ಟಿಸಿ. ದುಡ್ಡು ಕೊಟ್ಟಿದ್ದರೂ ಮುಟ್ಟಿಸದಿದ್ದರೆ ದಂಡ. ಒಂದನೇ ನಂಬರಿನ ದೋಣಿ ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಲ್ಲಿಸ್ತಾ ನಿಧಾನಕ್ಕೆ ಹೋಗುತ್ತೆ. ಇಲ್ಲಿ ಮಾತ್ರ ಅವಸರ ಬೇಡ, ಅರಮನೆಗಳ ಮುಂಬಾಗಿಲೆಲ್ಲ ನೀರಿನ ಕಡೆಗೇ ಇರೋದು.

ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಟಿಕೆಟ್‌ನಲ್ಲಿ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣ ಅಂತಲೇ ಇರಲಿ, ಅದು ಊರ ನಡುವೆ ಇದೆ. ಊರಿನ ದೊಡ್ಡ ಚರ್ಚಿಗೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ ಹತ್ತೋಕೆ ಗೊತ್ತಾದ ಸಮಯದ ಟಿಕೆಟ್ ಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಈ ದೃಶ್ಯ ಗಮನಿಸಿ: ಗುಮ್ಮಟಕ್ಕೆ ಒಳಗೊಂದು, ಹೊರಗೊಂದು, ಎರಡು ಚಿಪ್ಪು. ಮೆಟ್ಟಿಲು ಹೋಗೋದು ಅವುಗಳ ನಡುವಿನ ಸಂದಿಯಲ್ಲಿ. ಮೇಲೆ ಹೋದಷ್ಟೂ ಗೋಡೆ ತಲೆ ಮೇಲೆ ಬಾಗುತ್ತೆ. ಹಿಂದೆ ಜನ ಇರೋದರಿಂದ ಅರ್ಧಕ್ಕೆ ವಾಪಸಾಗೋದು ಕಷ್ಟ. ಇಕ್ಕಟ್ಟಾದ ಜಾಗದಲ್ಲಿ ಉಸಿರುಗಟ್ಟೋರು, ಮಂಡಿ ನೋವಿರೋರು ಕೆಳಗಿಂದಲೇ ನೋಡಿ. 1436ರಲ್ಲಿ ಮುಗಿದ ಈ ಇಟ್ಟಿಗೆ ಕೆಲಸ ಕೆಳಗಿಂದಲೂ ಮೈ ನವಿರೇಳಿಸುತ್ತೆ.

ರೋಮ್‌ಗೆ ಒಂದೂವರೆ ಗಂಟೆ. ಕೊಲೋಸಿಯಂ ಟಿಕೆಟ್ ಅಧಿಕೃತ ವೆಬ್‌ಸೈಟಲ್ಲಿ 30 ದಿನ ಮುಂಚೆ ಬಿಡ್ತಾರೆ, 18 ಯೂರೋ. ಟಿಕೆಟ್ ಮೇಲಿನ ಹೆಸರನ್ನ ಬಾಗಿಲಲ್ಲಿ ಗುರುತಿನ ಚೀಟಿ ಜೊತೆ ತಾಳೆ ನೋಡ್ತಾರೆ. ನಮ್ಮವರು ಎಡವೋದು ಇಲ್ಲೇ: ಬುಕಿಂಗ್‌ನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟ್‌ನಲ್ಲಿ ತಂದೆಯದೋ ಊರಿನದೋ ಪೂರ್ತಿ ಹೆಸರು. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ. ಅದೇ ಟಿಕೆಟ್‌ನಲ್ಲಿ ಪಕ್ಕದ ರೋಮನ್ ಫೋರಂ, ಅಂದರೆ ಹಳೇ ರೋಮ್‌ನ ಪಾಳುಬಿದ್ದ ನಗರಕೇಂದ್ರ ಕೂಡ ಸೇರಿದೆ. ಅಲ್ಲಿ ನೆರಳು ಕಡಿಮೆ, ಬೇಸಿಗೆಯಲ್ಲಾದರೆ ನಡುಮಧ್ಯಾಹ್ನ ತಪ್ಪಿಸಿ.

ನೀರಿಗೆ ದುಡ್ಡು ಸುರೀಬೇಡಿ. ಬೀದಿಬೀದಿಯಲ್ಲಿ ಹೀಗೆ ಗಿಡ್ಡ ಕಬ್ಬಿಣದ ನಲ್ಲಿಗಳಿವೆ, ಕುಡಿಯೋ ನೀರೇ. ಕೆಳಗಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ಸಣ್ಣ ತೂತಿಂದ ನೀರು ಚಿಮ್ಮುತ್ತೆ, ಬಗ್ಗದೇ ಕುಡೀಬಹುದು.

ಶುಕ್ರವಾರ ವ್ಯಾಟಿಕನ್. ಭುಜ, ಮಂಡಿ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ಅಲ್ಲಿನ ಮೈಕೆಲಾಂಜೆಲೊ ಚಿತ್ರಗಳ ಸಿಸ್ಟೀನ್ ಚಾಪೆಲ್‌ನಲ್ಲಿ ಕ್ಯಾಮೆರಾ ನಿಷೇಧ, ಹಾಗಾಗಿ ಅದರ ದೃಶ್ಯ ಈ ವಿಡಿಯೋದಲ್ಲಿ ಇಲ್ಲ. ಸಂಜೆ ರೋಮ್‌ನ ಮುಖ್ಯ ರೈಲು ನಿಲ್ದಾಣ ಟರ್ಮಿನಿಯಿಂದ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ಹಿಡೀರಿ: 14 ಯೂರೋ, 32 ನಿಮಿಷ, ಮಧ್ಯೆ ಎಲ್ಲೂ ನಿಲ್ಲಲ್ಲ. ಅದರ ಪ್ಲಾಟ್‌ಫಾರ್ಮ್ ನಿಲ್ದಾಣದ ಒಂದು ತುದಿಗಿದೆ, ನಡಿಗೆಗೆ ಹತ್ತು ನಿಮಿಷ ಜಾಸ್ತಿ ಇಟ್ಕೊಳ್ಳಿ.