ಏಳು ದಿನದ ಮಿಷನ್ ಟ್ರಿಪ್, ಆಮೇಲಿನ ಒಂದು ವರ್ಷ

ಎಲ್ಲರಿಗೂ ನಮಸ್ಕಾರ. ಇವತ್ತು ಮಿಷನ್ ಟ್ರಿಪ್ ಬಗ್ಗೆ, ಅಂದರೆ ಚರ್ಚ್ ಅಥವಾ ಕ್ರಿಶ್ಚಿಯನ್ ಶಾಲೆಯ ಕಡೆಯಿಂದ ಸೇವೆಗೆ ಅಂತ ಹೋಗಿಬರುವ ಚಿಕ್ಕ ಪ್ರವಾಸದ ಬಗ್ಗೆ ಮಾತಾಡೋಣ. ಅಮೆರಿಕದಲ್ಲಿ ಮಕ್ಕಳನ್ನು ಕ್ರಿಶ್ಚಿಯನ್ ಶಾಲೆಗೆ ಕಳಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುವ ವಿಷಯವೇ. ಮಗಳು ಹೈಸ್ಕೂಲ್ ಸೇರಿದ ಮೇಲೆ ಒಂದು ದಿನ ಶಾಲೆಯಿಂದ ಪತ್ರ ಬರುತ್ತದೆ. ಸ್ಪ್ರಿಂಗ್ ಬ್ರೇಕ್‌ನಲ್ಲಿ ಒಂದು ವಾರ ಮೆಕ್ಸಿಕೋಗೋ, ಗ್ವಾಟೆಮಾಲಾಗೋ, ಹೊಂಡುರಾಸ್‌ಗೋ ಪ್ರಯಾಣ. ಬೆಳಿಗ್ಗೆ ಮನೆ ಕಟ್ಟುವ ಕೆಲಸ, ಮಧ್ಯಾಹ್ನ ಊರಿನ ಮಕ್ಕಳಿಗೆ ಬೈಬಲ್ ಕಥೆ, ಆಟ, ರಾತ್ರಿ ಪ್ರಾರ್ಥನೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಕೊನೆಯ ಸಾಲಿನಲ್ಲಿ ಖರ್ಚು. ಅದನ್ನು ಓದಿದಾಗ ಎದೆ ಧಸಕ್ ಅನ್ನುತ್ತದೆ.

ಇದು ಎಲ್ಲೋ ಒಂದೆರಡು ಶಾಲೆಗಳ ಕಥೆ ಅಲ್ಲ. 2005ರ ಒಂದು ಸಮೀಕ್ಷೆಯ ಪ್ರಕಾರ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ ಚರ್ಚ್ ಸದಸ್ಯರು ಹೀಗೆ ಹೊರದೇಶಕ್ಕೆ ಹೋಗಿಬರುತ್ತಿದ್ದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಕಳಿಸಿ. ಆದರೆ ಉದ್ಧಾರ ಮಾಡೋಕೆ ಹೋಗ್ತಿದ್ದೀಯ ಅಂತ ಹೇಳಿ ಕಳಿಸಬೇಡಿ. ಕಲಿಯೋಕೆ ಅಂತ ಕಳಿಸಿ. ಇವೆರಡರಲ್ಲಿ ಯಾವುದನ್ನು ಹೇಳಿ ಕಳಿಸುತ್ತೀರಿ ಅನ್ನುವುದರ ಮೇಲೆ ಆ ಮಗುವಿನ ನಂಬಿಕೆ ಎತ್ತ ಕಡೆ ಬೆಳೆಯುತ್ತದೆ ಅನ್ನುವುದು ನಿಂತಿದೆ.

ಈ ಮಾತನ್ನು ನನಗಿಂತ ಖಾರವಾಗಿ ಹೇಳಿದವರು ಇದ್ದಾರೆ. 1968ರ ಏಪ್ರಿಲ್. ಬೇಸಿಗೆ ಸೇವೆಗೆ ಮೆಕ್ಸಿಕೋಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಸಂಘಟನೆಯೊಂದು ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿಯನ್ನು ಮಾತಾಡಲು ಕರೆದಿತ್ತು. ಅವರು ಎದುರಿಗೆ ಕೂತವರ ಮುಖಕ್ಕೇ ಹೇಳಿದರು: ನೋಡೋಕೆ ಬನ್ನಿ, ಬೆಟ್ಟ ಹತ್ತೋಕೆ ಬನ್ನಿ, ಓದೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ. ಕರೆದು ಬೈಸಿಕೊಳ್ಳುವುದು ಅಂದರೆ ಇದೇ ಅಲ್ವಾ!

ಸಿಟ್ಟಿನ ಮಾತು ಅಂತ ತಳ್ಳಿಹಾಕಬಹುದು. ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಮನೆ ಕಟ್ಟಿಕೊಡಲು ಉತ್ತರ ಅಮೆರಿಕದಿಂದ ತಂಡದ ಮೇಲೆ ತಂಡ ಬಂದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಇದನ್ನು ಕೂಲಂಕಷವಾಗಿ ನೋಡಿದರು. ಅವರೂ ಕ್ರೈಸ್ತ ಕಾಲೇಜಿನ ಅಧ್ಯಾಪಕರೇ, ಹೊರಗಿನ ಟೀಕಾಕಾರರಲ್ಲ. ಊರಿನವರೇ ಕಟ್ಟಿದರೆ ಮನೆಗೆ ಸುಮಾರು 2,000 ಡಾಲರ್. ತಂಡ ಬಂದು ಕಟ್ಟಿದರೆ, ವಿಮಾನದ ಖರ್ಚೆಲ್ಲ ಸೇರಿ, ಒಂದು ಮನೆಗೆ ಸುಮಾರು 30,000. ಮನೆ ಪಡೆದವರ ಬದುಕಿನಲ್ಲಿ ಏನಾದರೂ ವ್ಯತ್ಯಾಸ ಇತ್ತಾ? ವಿದೇಶಿ ತಂಡ ಕಟ್ಟಿದ್ದಾದರೂ ಅಷ್ಟೇ, ಊರವರು ಕಟ್ಟಿದ್ದಾದರೂ ಅಷ್ಟೇ.

ಹೋಗಿಬಂದವರ ಕಥೆ ಏನು? ವರ್ ಬೀಕ್ ಅವರನ್ನೂ ವಿಚಾರಿಸಿದರು. ಬದಲಾಗಿದ್ದೇವೆ, ಜಾಸ್ತಿ ಪ್ರಾರ್ಥಿಸುತ್ತೇವೆ, ಜಾಸ್ತಿ ಕೊಡುತ್ತೇವೆ ಅಂತ ತುಂಬ ಜನ ಹೇಳಿದರು. ಕಾಣಿಕೆಯ ದಾಖಲೆ ತೆಗೆದು ನೋಡಿದರೆ ಹೇಳಿಕೊಂಡಷ್ಟು ಬದಲಾವಣೆ ಕಾಣಲಿಲ್ಲ. ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಆ ವಾರದ ಬಿಸಿ ನಿಜವಾದದ್ದೇ. ಮನೆಗೆ ಬಂದ ಮೇಲೆ ಅದನ್ನು ಉಳಿಸಿಕೊಡುವವರು ಯಾರೂ ಇರಲಿಲ್ಲ.

ಈಗ ಆ ಹುಡುಗ ಹುಡುಗಿಯರ ಮನಸ್ಸಿಗೆ ಬರೋಣ. ವಾಪಸ್ ಬಂದ ಮೇಲೆ ಶಾಲೆಯ ಚಾಪೆಲ್‌ನಲ್ಲಿ, ಅಂದರೆ ಪ್ರಾರ್ಥನಾ ಸಭೆಯಲ್ಲಿ, ಅವರು ಸಾಕ್ಷಿ ಹೇಳುತ್ತಾರೆ, ತಮ್ಮ ಅನುಭವವನ್ನು ಎಲ್ಲರ ಮುಂದೆ ಹಂಚಿಕೊಳ್ಳುತ್ತಾರೆ. ಹೆಚ್ಚು ಕಡಿಮೆ ಪ್ರತಿ ಸಲವೂ ಒಂದು ಮಾತು ಬಂದೇ ಬರುತ್ತದೆ: "ಅವರ ಹತ್ರ ಏನೂ ಇಲ್ಲ, ಆದ್ರೂ ಎಷ್ಟು ಖುಷಿಯಾಗಿದ್ದಾರೆ!" ಕೂತವರು ಕಣ್ಣು ಒರೆಸಿಕೊಳ್ಳುತ್ತಾರೆ.

ಈ ಮಾತು ಕೇಳಿದರೆ ನನಗೆ ಕಸಿವಿಸಿ ಆಗುತ್ತದೆ. ಮನೆಗೆ ನೆಂಟರು ಬಂದಾಗ ನಾವು ನಗುವುದಿಲ್ಲವೇ? ಒಂದು ವಾರದ ಅತಿಥಿಯ ಮುಂದೆ ಯಾರು ತಾನೇ ಸಾಲದ ಕಥೆ ಬಿಚ್ಚುತ್ತಾರೆ? ಆ ನಗು ಅತಿಥಿಗೆ ಕೊಟ್ಟ ಮರ್ಯಾದೆ. ಅದನ್ನೇ ಬಡತನದ ಸುಖ ಅಂದುಕೊಂಡ ಮಗು ತನ್ನ ಮನೆಯ ನಲ್ಲಿ ನೀರಿಗೆ ದೇವರಿಗೆ ಥ್ಯಾಂಕ್ಸ್ ಹೇಳಿ ಮುಗಿಸಿಬಿಡುತ್ತದೆ. ಅಲ್ಲಿ ನಲ್ಲಿ ಯಾಕೆ ಇಲ್ಲ ಅನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲ. ಯಾಜಕನ ಮನೆಯಿಂದ ಹಿಡಿದು ಅರಮನೆಯವರೆಗೆ ಎಲ್ಲರನ್ನೂ ಪ್ರಶ್ನೆ ಕೇಳಿದ ಪ್ರವಾದಿಗಳ ಪುಸ್ತಕ ಓದುವ ಮಕ್ಕಳು ಇವರು. ಅವರಿಂದ ಕೃತಜ್ಞತೆ ಮಾತ್ರ ಸಾಕು ಅಂದರೆ ಅದು ಕಮ್ಮಿಯಾಯಿತು.

ಹಾಗಾದರೆ ಯಾಕೆ ಕಳಿಸಿ ಅಂತೀನಿ? ಬೇರೆ ಕಡೆ ಸಿಗದ ಒಂದು ಪಾಠ ಅಲ್ಲಿ ಸಿಗುತ್ತದೆ. ತರಗತಿಯಲ್ಲಿ ಮೊದಲ ರ‍್ಯಾಂಕ್ ತೆಗೆಯುವ ಹುಡುಗನ ಕೈಗೆ ಕರಣೆ ಕೊಡಿ. ಗಾರೆ ಗೋಡೆಗೆ ನಿಲ್ಲುವುದಿಲ್ಲ, ಕಾಲ ಮೇಲೆ ಬೀಳುತ್ತದೆ. ಶಾಲೆಯ ಮುಖ ನೋಡಿರದ ಊರಿನ ಮೇಸ್ತ್ರಿ ಅವನು ಇಟ್ಟ ಬ್ಲಾಕ್ ತೆಗೆದು ಮತ್ತೆ ಸರಿಯಾಗಿ ಇಡುತ್ತಾನೆ. ಆ ಕೆಲಸದ ಜಾಗದಲ್ಲಿ ಮೇಸ್ತ್ರಿಯೇ ಯಜಮಾನ, ನಮ್ಮ ಹುಡುಗ ಸಹಾಯಕ. ಹದಿನಾರು ವರ್ಷಕ್ಕೆ ಈ ಅನುಭವ ಆಗುವುದು ದೊಡ್ಡದು. ಸಂಜೆ ಅದೇ ಮೇಸ್ತ್ರಿ ಚರ್ಚ್‌ನಲ್ಲಿ ಎದ್ದು ನಿಂತು ಪ್ರಾರ್ಥನೆ ನಡೆಸಿದರೆ? ನಾವು ಯೇಸುವನ್ನು ಇಲ್ಲಿಗೆ ಹೊತ್ತು ತಂದೆವು ಅನ್ನುವ ಜಂಬ ಅಲ್ಲೇ ಇಳಿಯುತ್ತದೆ. ಮೆಕ್ಸಿಕೋ, ಗ್ವಾಟೆಮಾಲಾಗಳಲ್ಲಿ ಕ್ರೈಸ್ತ ಧರ್ಮಕ್ಕೆ ಸುಮಾರು ಐನೂರು ವರ್ಷದ ಇತಿಹಾಸ ಇದೆ. ಇದನ್ನು ಹೊರಡುವ ಮುಂಚೆ ಮಕ್ಕಳಿಗೆ ಹೇಳುವ ಶಾಲೆಗಳು ಎಷ್ಟಿವೆಯೋ!

ನಮ್ಮ ಕಡೆಯ ಒಂದು ಉದಾಹರಣೆ ನೆನಪಾಗುತ್ತದೆ. ಬಾಸೆಲ್ ಮಿಷನ್‌ನ ಕಿಟ್ಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಆ ಕಾಲದ ಮಿಷನರಿಗಳ ಬಗ್ಗೆ ತಕರಾರು ಬೇಕಾದಷ್ಟಿದೆ, ವಸಾಹತು ಕಾಲದ ದೊಡ್ಡಸ್ತಿಕೆ ಅವರಲ್ಲೂ ಇತ್ತು. ಆದರೂ ಜನರ ಮಾತು ಕಲಿಯದೆ ಜನರನ್ನು ತಲುಪಲಾಗದು ಅಂತ ಅವರಿಗೆ ಗೊತ್ತಿತ್ತು. ಏಳು ದಿನಕ್ಕೆ ಹೋಗುವವರು ನಿಘಂಟು ಬರೆಯಬೇಕಿಲ್ಲ. ಆರು ತಿಂಗಳು ಮುಂಚೆ ಸ್ವಲ್ಪ ಸ್ಪ್ಯಾನಿಷ್ ಕಲಿಯಬಹುದು.

ಇನ್ನು ಫೋಟೋ. ಅನಾಥಾಶ್ರಮದ ಮಗುವನ್ನು ಎತ್ತಿಕೊಂಡು ತೆಗೆದ ಸೆಲ್ಫಿ ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಬರುತ್ತವೆ ನೋಡಿ. ಬೆಂಗಳೂರು, ಮಂಗಳೂರಿನ ಶಾಲೆಗಳು ಮಕ್ಕಳ ಆಶ್ರಮಕ್ಕೆ ಹೋದಾಗಲೂ ಇದೇ ನಡೆಯುತ್ತದೆ. ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರೈಕೆ, ರಕ್ಷಣೆ ಬೇಕಾದ ಮಕ್ಕಳ ಗುರುತು, ಫೋಟೋ ಹೊರಗೆ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಹಾಗಿರಲಿ, ಎಡಗೈಗೆ ಗೊತ್ತಾಗದಂತೆ ಬಲಗೈ ಕೊಡಲಿ ಅಂತ ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠ ಮಾಡಿಸಿದವರು ನಾವೇ. ಒಂದು ವಾರ ಮೊಬೈಲ್ ಟೀಚರ್ ಹತ್ತಿರ ಇಟ್ಟರೆ ಏನೂ ನಷ್ಟವಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಕೆಲಸ ಇದೆ. ದುಡ್ಡು ಕಟ್ಟುವ ಮುಂಚೆ ಶಾಲೆಯವರು ಮೀಟಿಂಗ್ ಕರೆಯುತ್ತಾರೆ. ಅಲ್ಲಿ ಊಟ, ಭದ್ರತೆ, ಲಸಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಜೊತೆಗೆ ಇದನ್ನೂ ಕೇಳಿ: ಈ ಕೆಲಸ ಬೇಕು ಅಂತ ಹೇಳಿದವರು ಆ ಊರಿನವರಾ, ನೀವಾ? ಕಳೆದ ವರ್ಷವೂ ಅದೇ ಊರಿಗೆ ಹೋಗಿದ್ದಿರಾ? ಅಲ್ಲಿನ ಪಾಸ್ಟರ್ ನಮ್ಮ ಮಕ್ಕಳ ಬಗ್ಗೆ ಏನಂದರು? ವಾಪಸ್ ಬಂದ ಮೇಲೆ ಮಕ್ಕಳು ತಿಂಗಳಿಗೆ ಒಂದು ಸಲವಾದರೂ ನಮ್ಮದೇ ಊರಿನಲ್ಲಿ ಏನು ಮಾಡುತ್ತಾರೆ, ಅವರ ಜೊತೆ ಯಾರು ಇರುತ್ತಾರೆ? ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಇರುವ ಸಾಧ್ಯತೆ ಜಾಸ್ತಿ. ಅವರ ಮಕ್ಕಳಿಗೆ ಶನಿವಾರ ಲೆಕ್ಕ ಹೇಳಿಕೊಡಲು ಪಾಸ್‌ಪೋರ್ಟ್ ಬೇಡ, ಫ್ಲೈಟ್ ಟಿಕೆಟ್ ಬೇಡ.

ಶಾಲೆಯ ಹತ್ತಿರ ಇದಕ್ಕೆಲ್ಲ ಉತ್ತರ ಇದ್ದರೆ ಅವತ್ತೇ ಚೆಕ್ ಬರೆದುಕೊಡಿ. ಇಲ್ಲದಿದ್ದರೆ ಒಂದು ವರ್ಷ ಕಾಯೋಣ ಅನ್ನಿ. ಮಗಳು ಮುನಿಸಿಕೊಳ್ಳುತ್ತಾಳೆ, ಗೆಳತಿಯರೆಲ್ಲ ಹೋಗುತ್ತಿದ್ದಾರೆ ಅನ್ನುತ್ತಾಳೆ. ಈ ಎಪಿಸೋಡ್ ಅವಳಿಗೂ ಕೇಳಿಸಿ, ನನ್ನ ಜೊತೆ ಜಗಳಕ್ಕೆ ಬರಲಿ.