ಹಳೇ ಜೀಪಿನ ಜಾಮ್ ಬಿಡಿಸೋಕೆ ಸುತ್ತಿಗೆಗಿಂತ ಮೊದಲು ಕಾಕಂಬಿ

ನಮಸ್ಕಾರ. ಪಾಂಡವಪುರ, ಮದ್ದೂರು, ಕೆ.ಆರ್. ಪೇಟೆ ಕಡೆ ತೋಟದ ಮನೆಗಳ ಹಿಂದೆ ವರ್ಷಗಟ್ಟಲೆ ನಿಂತಿರೋ ಹಳೇ ಜೀಪುಗಳಿಗೆ ಒಂದೇ ಮಾತಲ್ಲಿ ತೀರ್ಪು ಕೊಟ್ಬಿಡ್ತಾರೆ: ‘ಕೆಳಗಡೆ ಎಲ್ಲಾ ಹಿಡ್ಕೊಂಬುಟ್ಟಿದೆ, ಗ್ಯಾಸ್ ಹಾಕಿ ಕಟ್ ಮಾಡ್ಬೇಕು.’ ಈ ತೀರ್ಪನ್ನ ನಾವು ಒಪ್ಪಲ್ಲ. ಇಂಥ ಜೀಪುಗಳಲ್ಲಿ ತುಕ್ಕು ಉಳಿಸಿದ್ದನ್ನ ಸುತ್ತಿಗೆ ಹಾಳು ಮಾಡುತ್ತೆ. ಜಾಮ್ ಅನ್ನೋದು ಒಂದೇ ರೋಗ ಅಲ್ಲ. ಥ್ರೆಡ್ (ನಟ್ಟು ಬೋಲ್ಟಿನ ತಿರುಪು) ಹಿಡ್ಕೊಂಡಿರೋದು ಬೇರೆ, ಒಂದರೊಳಗೊಂದು ಕೂತ ಭಾಗ ಹಿಡ್ಕೊಂಡಿರೋದು ಬೇರೆ, ಹೌಸಿಂಗ್ (ಗೇರುಗಳನ್ನ ಮುಚ್ಚಿರೋ ಪೆಟ್ಟಿಗೆ) ಒಳಗೆ ಗಟ್ಟಿಯಾಗಿರೋದು ಬೇರೆ. ಮೂರಕ್ಕೂ ಒಂದೇ ಏಟು ಹಾಕ್ತಾರಲ್ಲ, ಅಲ್ಲೇ ತಪ್ಪಾಗೋದು.

ನಮ್ಮ ಕಡೆ ಗಾಡಿಗಳಿಗೆ ಯಾಕೆ ಇಷ್ಟು ತುಕ್ಕು ಹಿಡಿಯುತ್ತೆ? ಗದ್ದೆ ಕೆಸರು ಚಾಸಿಗೆ ಮೆತ್ಕೊಂಡು ತಿಂಗಳುಗಟ್ಟಲೆ ಒದ್ದೆ ಇಟ್ಟಿರುತ್ತೆ. ಅದರ ಜೊತೆ ಗೊಬ್ಬರದ ಮೂಟೆ ಸಾಗಿಸಿದ ಗಾಡಿ ಆಗಿದ್ರೆ, ಕೆಂಪು ಪೊಟ್ಯಾಷ್‌ನಲ್ಲಿರೋ ಕ್ಲೋರೈಡ್ ಉಪ್ಪಿನ ಹಾಗೇ ಕಬ್ಬಿಣ ತಿನ್ನುತ್ತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ನಟ್ಟಿಗೂ ಬೋಲ್ಟಿಗೂ ನಡುವೆ ಇದ್ದ ಕೂದಲೆಳೆಯಷ್ಟು ಸಂದು ತುಂಬಿ ಬಿಗಿಯೋದು ಇದರಿಂದಲೇ.

ಮೊದಲು ಥ್ರೆಡ್. ವೈರ್ ಬ್ರಷ್ ಹಾಕಿ ಕಾಣೋ ಥ್ರೆಡ್ಡನ್ನೆಲ್ಲ ಉಜ್ಜಿ. ಡೀಸೆಲ್, ಸೀಮೆಎಣ್ಣೆ ತೊಳೆಯೋಕೆ ಒಳ್ಳೇದು, ಸಂದಿಯೊಳಗೆ ಇಳಿಯೋಕೆ ಅಷ್ಟಕ್ಕಷ್ಟೆ. ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಣ್ಣೆ), ಅಸಿಟೋನ್ ಸಮ ಸಮ ಬೆರೆಸಿ. ಎರಡೂ ಬೇರೆಯಾಗ್ತಾ ಇರುತ್ತೆ, ಪ್ರತಿ ಸಲ ಕುಲುಕಬೇಕು. ಬೆಳಿಗ್ಗೆ ಸಂಜೆ ಮೂರು ದಿನ ಬಿಡಿ. ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ, ಬಿಚ್ಚೋ ಕಡೆಗಲ್ಲ, ಮೊದಲು ಬಿಗಿ ಮಾಡೋ ಕಡೆಗೆ ಒಂಚೂರು ತಿರುಗಿಸಿ. ತುಕ್ಕಿನ ಹಿಡಿತ ಅಲ್ಲೇ ಮುರಿಯುತ್ತೆ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್, ಮತ್ತೆ ಎಣ್ಣೆ. ಒಂದೇ ಉಸಿರಿಗೆ ಬಿಚ್ಚಿದ್ರೆ ಪುಡಿಯಾದ ತುಕ್ಕು ಥ್ರೆಡ್ಡಲ್ಲಿ ಸಿಕ್ಕೊಂಡು ಬೋಲ್ಟ್ ತುಂಡಾಗುತ್ತೆ.

ಜಗ್ಗದಿದ್ರೆ ಬಿಸಿ. 20 ಮಿಲಿಮೀಟರ್ ತೂತಿರೋ ಭಾಗವನ್ನ 200 ಡಿಗ್ರಿಯಷ್ಟು ಬಿಸಿ ಏರಿಸಿದ್ರೆ ತೂತು ಸುಮಾರು 0.05 ಮಿಲಿಮೀಟರ್ ದೊಡ್ಡದಾಗುತ್ತೆ. ಕೇಳೋಕೆ ಏನೂ ಅಲ್ಲ, ತುಕ್ಕಿನ ಹಿಡಿತ ಬಿಡೋಕೆ ಬೇಕಾದಷ್ಟಾಯ್ತು. ಬಿಸಿ ಮಾಡಬೇಕಾದ್ದು ಹೊರಗಿನ ನಟ್ಟನ್ನ, ಒಳಗಿನ ಬೋಲ್ಟನ್ನಲ್ಲ. ಬಿಸಿ ಇರುವಾಗಲೇ ಮೇಣದಬತ್ತಿ ಮುಟ್ಟಿಸಿದ್ರೆ ಕರಗಿದ ಮೇಣ ಥ್ರೆಡ್ ಒಳಗೆ ಹೀರ್ಕೊಂಡು ಹೋಗುತ್ತೆ. ಅಸಿಟೋನ್ ಒದ್ದೆ ಇರೋ ಜಾಗಕ್ಕೆ ಗ್ಯಾಸ್ ಟಾರ್ಚ್ ಹಿಡೀಲೇಬೇಡಿ, ಬೆಂಕಿ ಹತ್ಕೊಳ್ಳುತ್ತೆ. ಬೇರಿಂಗ್, ಗೇರ್, ಶಾಫ್ಟ್ ಇಂಥ ಹದ ಹಾಕಿದ ಭಾಗ ನೀಲಿ ಬಣ್ಣಕ್ಕೆ ತಿರುಗಿದ್ರೆ 300 ಡಿಗ್ರಿ ಹತ್ತಿರ ಮುಟ್ಟಿದೆ ಅಂತ ಅರ್ಥ. ಹದ ಹೋಯ್ತು, ಆ ಭಾಗ ಮತ್ತೆ ಹಾಕ್ಬೇಡಿ.

ಎರಡನೇದು ಒಂದರೊಳಗೊಂದು ಕೂತ ಭಾಗ. ಮೊದಲಿಗೆ ಆಕ್ಸಲ್‌ಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದ್ರೆ ಜಾಯಿಂಟಲ್ಲಿರೋ ಕೂಡು ಗುರುತಿನ ಆಕಾರದ ತುಂಡು. ಕಳಚೋ ಮೊದಲು ಸ್ಲಿಪ್ ಜಾಯಿಂಟಿನ (ಶಾಫ್ಟ್ ಒಳಗೆ ಹೊರಗೆ ಜಾರೋ ಜಾಗ) ಎರಡೂ ಕಡೆ ಪೇಂಟಲ್ಲಿ ಗೆರೆ ಎಳೀರಿ. ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯೋ ಎರಡು ಕಿವಿಯ ಕವಲು) ಒಂದೇ ನೇರಕ್ಕೆ ಕೂರದಿದ್ರೆ ಓಡುವಾಗ ಗಾಡಿ ನಡುಗುತ್ತೆ. ಬೇರಿಂಗ್ ಕಪ್ ಹಿಡಿದಿಡೋ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ) ಸುತ್ತ ಕಸ ಪೂರ್ತಿ ಕೆದಕಿ, ಅದನ್ನ ತೆಗೆದು, ವೈಸ್‌ನಲ್ಲಿ ಒಂದು ಕಡೆ ಚಿಕ್ಕ ಸಾಕೆಟ್, ಇನ್ನೊಂದು ಕಡೆ ಕಪ್ ಬಂದು ಕೂರೋ ಹಾಗೆ ದೊಡ್ಡ ಸಾಕೆಟ್ ಇಟ್ಟು ಒತ್ತಿ. ಯೋಕ್ ಕಿವಿ ಮೇಲೆ ಸುತ್ತಿಗೆ ಬಿದ್ರೆ ಕಿವಿ ಒಳಗೆ ಬಾಗುತ್ತೆ, ಹೊಸ ಕಪ್ ಹಾಕಿದ್ರೂ ಕ್ರಾಸ್ ಬಿಗಿ ಕೂತು ಬೇಗ ಸವೆಯುತ್ತೆ. ಬರ್ಲೇ ಇಲ್ವಾ, ಗ್ರೈಂಡರ್‌ನಲ್ಲಿ ಕ್ರಾಸನ್ನೇ ನಡುವೆ ಕತ್ತರಿಸಿ. ಕ್ರಾಸ್ ಹೊಸದು ಸಿಗುತ್ತೆ, ಒಳ್ಳೇ ಯೋಕ್ ಹುಡುಕೋದು ಕಷ್ಟ.

ಕಳಚಿದ ಕಬ್ಬಿಣದ ಭಾಗಗಳಿಗೆ ಟಾಯ್ಲೆಟ್ ತೊಳೆಯೋ ಆ್ಯಸಿಡ್ ಸುರಿಯೋದನ್ನ ನೋಡಿದ್ರೆ ನಮಗೆ ನಿಜವಾಗ್ಲೂ ಸಂಕಟ ಆಗುತ್ತೆ. ಅದು ತುಕ್ಕಿನ ಜೊತೆ ಒಳ್ಳೇ ಲೋಹನೂ ತಿನ್ನುತ್ತೆ, ಹದ ಹಾಕಿದ ಉಕ್ಕನ್ನ ಪೆಡಸು ಮಾಡುತ್ತೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮಂಡ್ಯದಲ್ಲಿ ಕೂತು ಆ್ಯಸಿಡ್ ಯಾಕೆ ಬೇಕು? ದನದ ಮೇವಿಗೆ ಬೆರೆಸೋ ಕಾಕಂಬಿ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ ತನ್ನಿ. ಒಂದು ಪಾಲು ಕಾಕಂಬಿ, ಒಂಬತ್ತರಿಂದ ಹತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್. ಭಾಗದ ಗ್ರೀಸ್ ಪೂರ್ತಿ ತೊಳೆದು ಮುಳುಗಿಸಿ, ಇಲ್ಲಾಂದ್ರೆ ಗ್ರೀಸ್ ಇದ್ದ ಕಡೆ ಕೆಲಸವೇ ಆಗಲ್ಲ. ಕಾಕಂಬಿಯಲ್ಲಿರೋ ಅಂಶಗಳು ತುಕ್ಕಿನ ಕಬ್ಬಿಣವನ್ನ ಹಿಡ್ಕೊಂಡು ನೀರಿಗೆ ಎಳೀತವೆ, ಕೆಳಗಿನ ಗಟ್ಟಿ ಲೋಹಕ್ಕೆ ಹೆಚ್ಚು ಕೈ ಹಾಕಲ್ಲ. ಒಂದು ವಾರದಿಂದ ಮೂರು ವಾರ ಹಿಡಿಯುತ್ತೆ. ಎರಡು ಮೂರು ದಿನಕ್ಕೊಮ್ಮೆ ಎತ್ತಿ ನೀರು ರಭಸವಾಗಿ ಬಿಟ್ಟು ತೊಳೆದು ನೋಡಿ. ಹುಳಿ ಬಂದು ನಾತ ಹೊಡೆಯುತ್ತೆ, ಮನೆಯಿಂದ ದೂರ ಇಡಿ. ಅಲ್ಯುಮಿನಿಯಂ ಭಾಗ ಹಾಕಲೇಬೇಡಿ, ಅದನ್ನ ತಿಂದು ಹಾಕುತ್ತೆ. ಬೇರಿಂಗೂ ಬೇಡ. ಹೊರಗೆ ತೆಗೆದ ಕಬ್ಬಿಣ ನೋಡ್ತಾ ನೋಡ್ತಾ ಮತ್ತೆ ಕೆಂಪಾಗುತ್ತೆ, ಒಣಗಿಸಿ ಕೂಡಲೇ ಎಣ್ಣೆ ಸವರಿ.

ಇದೇ ಥರ ಕೂತ ಇನ್ನೊಂದು ಭಾಗ: ಹಳೇ ಸಿಜೆ ಮಾದರಿಯ ಜೀಪಿನ ಹಿಂದಿನ ಹಬ್ (ಚಕ್ರ ಬಿಗಿಯೋ ಭಾಗ) ಟೇಪರ್ ಶಾಫ್ಟ್, ಅಂದ್ರೆ ತುದಿಗೆ ಸಣ್ಣಗಾಗುತ್ತಾ ಹೋಗೋ ಶಾಫ್ಟ್ ಮೇಲೆ ಕೂತಿರುತ್ತೆ. ಇದಕ್ಕೆ ಬ್ರೇಕ್ ಡ್ರಮ್ ಅಂಚಿಗೆ ಸಿಗಿಸೋ ಮೂರು ಕಾಲಿನ ಪುಲ್ಲರ್ (ಎಳೆದು ಕಳಚೋ ಸಾಧನ) ಬೇಡ, ಡ್ರಮ್ ಒಡೆಯುತ್ತೆ. ವೀಲ್ ಸ್ಟಡ್‌ಗಳಿಗೆ ಬೋಲ್ಟ್ ಆಗೋ ಪುಲ್ಲರ್ ಬೇಕು. ನಟ್ಟನ್ನ ಸಡಿಲ ಮಾಡಿ ಆದ್ರೆ ತೆಗೀಬೇಡಿ, ತುದಿ ಥ್ರೆಡ್ಡಲ್ಲೇ ಇರಲಿ. ಟೇಪರ್ ಬಿಟ್ಟಾಗ ಹಬ್ ಗುಂಡಿನ ಹಾಗೆ ಹಾರುತ್ತೆ, ಎದುರಿಗೆ ನಿಲ್ಲಬೇಡಿ. ಪುಲ್ಲರ್ ಬಿಗಿದು ರಾತ್ರಿಯಿಡೀ ಹಾಗೇ ಬಿಡಿ. ಎಷ್ಟೋ ಸಲ ಬೆಳಿಗ್ಗೆ ಹೊತ್ತಿಗೆ ತಾನೇ ಬಿಟ್ಟಿರುತ್ತೆ. ವಾಪಸ್ ಹಾಕುವಾಗ ಟೇಪರ್ ಒಣಗಿರಬೇಕು, ಗ್ರೀಸ್ ಹಚ್ಚಿದ್ರೆ ಹಬ್ ಅಳತೆ ಮೀರಿ ಒಳಗೆ ಹೋಗಿ ಸೀಳಬಹುದು. ಬಿಗಿತ ಕನಿಷ್ಠ 200 ನ್ಯೂಟನ್ ಮೀಟರ್. ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯೋ ಕಾಟರ್ ಪಿನ್ನಿನ ತೂತು ಸರಿಹೋಗದಿದ್ರೆ ಇನ್ನೂ ಬಿಗಿ ಮಾಡಿ, ಸಡಿಲ ಮಾಡ್ಬೇಡಿ.

ಮೂರನೇದು ಹೌಸಿಂಗ್ ಒಳಗಿನ ಜಾಮ್. ಅದು ಟ್ರಾನ್ಸ್‌ಫರ್ ಕೇಸ್, ಅಂದ್ರೆ ಶಕ್ತಿಯನ್ನ ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚೋ ಗೇರ್ ಪೆಟ್ಟಿಗೆ. ಎಣ್ಣೆ ಇಳಿಸೋ ಪ್ಲಗ್ಗಿಗಿಂತ ಮೊದಲು ಎಣ್ಣೆ ಹಾಕೋ ಪ್ಲಗ್ ಬಿಚ್ಚಿ. ಅದು ಬರದಿದ್ರೆ ಕೆಳಗಿನದನ್ನ ಮುಟ್ಟಬೇಡಿ, ಇಳಿಸಿದ್ಮೇಲೆ ತುಂಬೋದು ಹೇಗೆ? ಎಣ್ಣೆ ಹಾಲಿನ ಹಾಗೆ ಬಂದ್ರೆ ನೀರು ಹೋಗಿದೆ. ಡೀಸೆಲ್ ತುಂಬಿ ಎರಡು ದಿನ ಬಿಟ್ಟು, ಗಾಡಿಯನ್ನ ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಶಾಫ್ಟನ್ನ ಕೈಯಲ್ಲಿ ತಿರುಗಿಸಿ. ಲಿವರ್ ಬರದಿದ್ರೆ ಹೌಸಿಂಗಿಂದ ಹೊರಗೆ ಕಾಣೋ ಶಿಫ್ಟ್ ರಾಡ್ ನೋಡಿ. ಅಲ್ಲಿ ಕೂತಿರೋ ತುಕ್ಕನ್ನ 400 ನಂಬರ್ ಎಮರಿ ಪೇಪರಲ್ಲಿ ಉಜ್ಜಿ ನಯ ಮಾಡಿದ ಮೇಲಷ್ಟೇ ರಾಡನ್ನ ಒಳಗೆ ತಳ್ಳಿ, ಇಲ್ಲಾಂದ್ರೆ ಆಯಿಲ್ ಸೀಲ್ ಹರಿಯುತ್ತೆ. ಇನ್ನೊಂದು ಮಾತು. ಎರಡು ಲಿವರ್ ಇರೋ ಹಳೇ ಜೀಪಿನಲ್ಲಿ ಮುಂದಿನ ಆಕ್ಸಲ್ ಸೇರಿಸದೆ ಲೋ ಗೇರ್ ಬೀಳದ ಹಾಗೆ ಒಳಗೇ ಒಂದು ತಡೆ ಇಟ್ಟಿದ್ದಾರೆ. ಅದನ್ನೇ ಜಾಮ್ ಅಂದ್ಕೊಂಡು ಪೈಪ್ ಸಿಗಿಸಿ ಎಳೆದು, ಗೇರ್ ಸರಿಸೋ ಫೋರ್ಕ್ ಬಗ್ಗಿಸ್ತಾರೆ. ಮುಂದಿನ ಆಕ್ಸಲ್ ಸೇರಿಸೋ ಲಿವರ್ ಮೊದಲು ಹಾಕಿ, ಆಮೇಲೆ ಲೋ ಎಳೀರಿ. ಆಗಲೂ ಬರ್ಲಿಲ್ಲ ಅಂದ್ರೆ ಮಾತ್ರ ಮೇಲಿನ ಕವರ್ ಬಿಚ್ಚಿ.