ನಿಮ್ಮ ಪ್ರಶ್ನೆ ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಪಿಎಚ್‌.ಡಿ. ಮಾಡುತ್ತಿರುವವರಿಗೆ, ಅತಿಥಿ ಉಪನ್ಯಾಸಕರಿಗೆ, ಈಗಷ್ಟೇ ಕಾಲೇಜು ಸೇರಿದವರಿಗೆ. ಧಾರವಾಡ, ಗದಗ, ಹಾವೇರಿ, ಎಲ್ಲೇ ಇರಿ, ನಿಮ್ಮ ಕೆಲಸದ ಗುರಿ ಹೇಳುವ ಮಿಷನ್ ಸ್ಟೇಟ್‌ಮೆಂಟ್ ಬರೆದಿಟ್ಟುಕೊಳ್ಳಿ. ಮೂರು ಸಾಲು ಸಾಕು. ನನ್ನ ಪ್ರಶ್ನೆ ಯಾವುದು? ಅದರ ಉತ್ತರ ಯಾರಿಗೆ ಬೇಕು? ನನ್ನ ವಿದ್ಯಾರ್ಥಿಗಳಿಗೆ ನಾನು ಏನು ಕಲಿಸುತ್ತೇನೆ? ಪ್ರಶ್ನೆ ಮೊದಲು ಬರಬೇಕು.

ಬಹಳ ಜನ ಹುದ್ದೆ ಬರೆಯುತ್ತಾರೆ. ಅಸಿಸ್ಟೆಂಟ್, ಆಮೇಲೆ ಅಸೋಸಿಯೇಟ್, ಆಮೇಲೆ ಪ್ರೊಫೆಸರ್. ಬಡ್ತಿಯ ಆ ಪಟ್ಟಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಆಗಲೇ ಬರೆದಿಟ್ಟಿದೆ. ನೀವು ಮತ್ತೆ ಬರೆಯುವುದು ಯಾಕೆ?

ನನ್ನ ವಿದ್ಯಾರ್ಥಿನಿಯೊಬ್ಬಳು, ಹಾವೇರಿ ಜಿಲ್ಲೆಯವಳು, ಅರ್ಥಶಾಸ್ತ್ರ ಓದಿದವಳು, ಒಂದು ಪುಟ ತುಂಬ ಬರೆದು ತಂದಿದ್ದಳು. ಸಮಾಜಮುಖಿ ಸಂಶೋಧನೆ, ಗುಣಮಟ್ಟದ ಬೋಧನೆ, ಸರ್ವತೋಮುಖ ಅಭಿವೃದ್ಧಿ. ಪೆನ್ಸಿಲ್ ತಗೊಂಡು ಒಂದೊಂದೇ ಮಾತು ಹೊಡೆದು ಹಾಕಿದೆ. ಕೊನೆಗೆ ಅವಳ ಹೆಸರು, ತಾರೀಖು ಉಳಿದವು. ಹುಡುಗಿಯ ಮುಖ ಸಣ್ಣದಾಯಿತು. "ನೋಡವ್ವಾ, ರಾತ್ರಿ ನಿದ್ದಿ ಕೆಡಿಸೋ ಅಂಥಾದ್ದು ಒಂದು ಹೇಳು" ಅಂದೆ. ಸುಮ್ನೆ ಕೂತಳು. ಆಮೇಲೆ ಮೆಲ್ಲಗೆ ಅಂದಳು: "ನಮ್ಮವ್ವ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಬಿಡಿಸ್ತಾಳ್ರಿ ಸರ್. ಸಂಜಿಕೆ ಕೈ ಉರಿ ಅಂತ ಕೊಬ್ಬರಿ ಎಣ್ಣಿ ಹಚ್ಕೊಂಡು ಕೂಡ್ತಾಳ. ಆ ಕೂಲಿ ಯಾರು ಗೊತ್ತು ಮಾಡ್ತಾರ ಅನ್ನೋದು ನನಗ ಇವತ್ತಿಗೂ ತಿಳಿದಿಲ್ಲ."

ಅದನ್ನೇ ಬರಿ ಅಂದೆ. ಬರೆದಳು: ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ ಹೇಗೆ ನಿಗದಿಯಾಗುತ್ತದೆ ಎಂದು ಹುಡುಕುತ್ತೇನೆ. ಸಿಕ್ಕಿದ್ದನ್ನು ಅವರಿಗೇ ತಿಳಿಯುವ ಕನ್ನಡದಲ್ಲಿ ಬರೆಯುತ್ತೇನೆ. ನನ್ನ ಬಿ.ಎ. ಮಕ್ಕಳಿಗೆ ಪೇಟೆಯಲ್ಲಿ ನಿಂತು ಲೆಕ್ಕ ಕೇಳುವುದನ್ನು ಕಲಿಸುತ್ತೇನೆ. ಓದಿ ನನಗೆ ಮೈ ಜುಂ ಅಂದಿತು.

ಮುಂದೆ ಯಾರೋ ಅವಳನ್ನು ಕರೆದರು. ಆನ್‌ಲೈನ್ ಶಿಕ್ಷಣದ ಮೇಲೆ ಒಂದು ಲೇಖನ, ನಿನ್ನ ಹೆಸರೂ ಸೇರಿಸುತ್ತೇವೆ, ದುಡ್ಡು ಕಟ್ಟಿದರೆ ತಿಂಗಳಲ್ಲಿ ಅಚ್ಚಾಗುತ್ತದೆ ಅಂದರು. ಅವಳು ಡೈರಿ ತೆಗೆದು ತನ್ನ ಮೂರು ಸಾಲು ಓದಿಕೊಂಡು ಬೇಡ ಅಂದಳು. ಹೀಗೆ ಬೇಡ ಅನ್ನುವುದಕ್ಕೇ ಇದನ್ನು ಬರೆದಿಟ್ಟುಕೊಳ್ಳಬೇಕು. ಪ್ರಶ್ನೆ ಗಟ್ಟಿ ಇದ್ದರೆ ಬೇಡ ಅನ್ನುವ ಧೈರ್ಯ ಬರುತ್ತದೆ.

ನಮ್ಮ ಧಾರವಾಡದಲ್ಲೇ ಶಂ.ಬಾ. ಜೋಶಿಯವರಿದ್ದರು. ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಶಾಲಾ ಮಾಸ್ತರರು. ಕನ್ನಡಿಗರ ಮೂಲ ಎಲ್ಲಿಯದು ಎಂಬ ಪ್ರಶ್ನೆಯ ಬೆನ್ನು ಹತ್ತಿದರು, ಬಿಡಲಿಲ್ಲ. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಪ್ರಶ್ನೆ ಮೊದಲು ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕನ್ನಡದಲ್ಲೇ ಬರೆಯಿರಿ. ಸಂದರ್ಶನಕ್ಕೆ ಬೇಕಾದಾಗ ಇಂಗ್ಲಿಷಿಗೆ ತಿರುಗಿಸಿಕೊಂಡರಾಯಿತು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲು, ಪರೀಕ್ಷೆ ಡ್ಯೂಟಿ ಇದರಲ್ಲಿ ಸೇರಿಸಬೇಡಿ, ಅವು ಹೇಗೂ ಬರುತ್ತವೆ. ವರ್ಷಕ್ಕೊಮ್ಮೆ ತರಗತಿ ಶುರುವಾಗುವ ಮುಂಚೆ ತೆಗೆದು ಓದಿ, ಬೇಕಾದರೆ ತಿದ್ದಿ. ಗೈಡಿಗೆ ತೋರಿಸುವ ಮೊದಲು ಮನೆಯವರಿಗೆ ಓದಿ ಹೇಳಿ. "ಹಂಗಂದ್ರೇನು?" ಅಂತ ಅವರು ಎಲ್ಲಿ ಕೇಳುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ.

ನಮಸ್ಕಾರ.